ಅಮೆರಿಕದಲ್ಲಿ ಹಲ್ಲಿನ ಡಾಕ್ಟರಾಗಲು ಕೋಲಾರದಲ್ಲೇ ಶುರು ಮಾಡಿ

ಇಲ್ಲಿ ಬಿಡಿಎಸ್ ಓದಿದವರು ಸಾಮಾನ್ಯವಾಗಿ ಅಲ್ಲಿನ ಡೆಂಟಲ್ ಕಾಲೇಜಿನಲ್ಲಿ ಎರಡು-ಮೂರು ವರ್ಷದ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ (ಹೊರದೇಶದಲ್ಲಿ ಓದಿದ ಡೆಂಟಿಸ್ಟ್‌ಗಳಿಗೆ ಇರುವ) ಕೋರ್ಸ್ ಮಾಡಬೇಕು.

ಮೊದಲು ನಿಮ್ಮ ಹೆಸರು ನೋಡಿಕೊಳ್ಳಿ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಅದನ್ನು ಸರಿಮಾಡಿಸಲು ಕೋಲಾರ-ಬೆಂಗಳೂರು ಬಸ್ಸಿನಲ್ಲಿ ಎಷ್ಟು ಸಲ ಓಡಾಡಿದೆನೋ! ಆಮೇಲೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ವಿಷಯ-ಅಂಕಗಳ ಅಧಿಕೃತ ದಾಖಲೆ. ಅದು ಯೂನಿವರ್ಸಿಟಿಯಿಂದಲೇ ನೇರವಾಗಿ ಇಸಿಇಯಂಥ, ಹೊರದೇಶದ ಓದನ್ನು ಅಮೆರಿಕದ ಓದಿಗೆ ಹೋಲಿಸಿ ಹೇಳುವ ಸಂಸ್ಥೆಗೆ ಹೋಗಬೇಕು.

ಅಮೆರಿಕದ ರಾಷ್ಟ್ರೀಯ ಡೆಂಟಲ್ ಪರೀಕ್ಷೆ ಐಎನ್‌ಬಿಡಿಇ ಎರಡು ದಿನ, 500 ಪ್ರಶ್ನೆ. ಪಾಸಾದರೆ ಸಾಕು.

ಜಾಸ್ತಿ ಸಮಯ ಕೊಡಬೇಕಾದ್ದು ಕೈಗೆ. ಹಲವು ಕಾಲೇಜುಗಳು ಬೆಂಚ್ ಟೆಸ್ಟ್, ಅಂದರೆ ಕೃತಕ ಹಲ್ಲಿನ ಮೇಲೆ ಕೈಕೆಲಸದ ಪರೀಕ್ಷೆ, ಇಡುತ್ತವೆ. ನಾನು ಪರಿಚಯದ ಕ್ಲಿನಿಕ್‌ನಲ್ಲಿ, ರಾತ್ರಿ ಪೇಷಂಟ್‌ಗಳೆಲ್ಲ ಹೋದ ಮೇಲೆ, ಟೈಪೊಡಾಂಟ್ (ಅಭ್ಯಾಸದ ಕೃತಕ ದವಡೆ) ಇಟ್ಟುಕೊಂಡು ಕ್ರೌನ್ ಪ್ರೆಪ್ (ಕ್ಯಾಪ್ ಕೂರಿಸಲು ಹಲ್ಲು ಕೊರೆಯುವುದು) ಮಾಡುತ್ತಿದ್ದೆ. ಹಲ್ಲು ಕೊರೆದಾದ ಮೇಲೆ ಒಂದು ಕಣ್ಣು ಮುಚ್ಚಿ ಮೇಲಿನಿಂದ ನೋಡಿ. ಸುತ್ತಲಿನ ಅಂಚು ಪೂರ್ತಿ ಒಂದೇ ನೋಟಕ್ಕೆ ಕಾಣಬೇಕು. ಎಲ್ಲೋ ಮರೆಯಾದರೆ ಅಂಡರ್‌ಕಟ್ (ಕ್ಯಾಪ್ ಕೂರದಂತೆ ಒಳಕ್ಕೆ ಕೊರೆದ ಜಾಗ) ಇದೆ ಎಂದರ್ಥ. ಎರಡೂ ಕಣ್ಣು ತೆರೆದು ನೋಡಿದರೆ ಆ ತಪ್ಪು ತಪ್ಪಿಸಿಕೊಳ್ಳುತ್ತದೆ. ಪಕ್ಕದ ಹಲ್ಲಿಗೆ ಬರ್ (ಕೊರೆಯುವ ಮೊನೆ) ತಾಗಿತಾ? ಸುಮ್ನೆ ಪಾಲಿಶ್ ಮಾಡಿ ಮುಚ್ಚಬೇಡಿ. ಹೊಸ ಹಲ್ಲು ಹಾಕಿ, ಮತ್ತೆ ಮಾಡಿ.

ಕೋರ್ಸ್ ಮುಗಿದ ಮೇಲೂ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಡೆಂಟಲ್ ಬೋರ್ಡ್. ಯಾವ ರಾಜ್ಯ ಅಂತ ಗೊತ್ತಾದ ದಿನವೇ ಅದರ ನಿಯಮ ಓದಿಡಿ.