ಮಕ್ಕಳ ಪ್ರದರ್ಶನಗಳಲ್ಲಿ ಆಟಿಕೆ, ತಿಂಡಿಯ ಖರ್ಚು ಉಳಿಸಲು
ಮಡಿಕೇರಿ ದಸರೆಯ ಕಾರ್ಯಕ್ರಮಗಳಿಗಾಗಲಿ, ಮೈಸೂರಿನಲ್ಲಿ ಟಿಕೆಟ್ ಪಡೆದು ನೋಡುವ ಜಾದೂ, ಗೊಂಬೆಯಾಟಗಳಿಗಾಗಲಿ ಮಕ್ಕಳನ್ನು ಕರೆದೊಯ್ಯುವ ಪೋಷಕರಿಗೆ ಬಾಗಿಲ ಬಳಿಯ ಆಟಿಕೆ ಮತ್ತು ತಿಂಡಿಯ ಖರ್ಚು ಅನೇಕ ಬಾರಿ ಟಿಕೆಟ್ಟಿಗಿಂತ ಭಾರವಾಗುತ್ತದೆ.

ಹೊರಡುವ ಮೊದಲೇ ಮಗುವಿಗೆ ಇಂತಿಷ್ಟು ಹಣವೆಂದು ಹೇಳಿ, ಆ ನೋಟನ್ನು ಅದರ ಕೈಗೇ ಕೊಟ್ಟು, ಪ್ರದರ್ಶನ ಮುಗಿದ ಮೇಲಷ್ಟೇ ಕೊಳ್ಳಬೇಕೆಂದು ಒಪ್ಪಿಸಿಕೊಳ್ಳುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಉತ್ತಮ ಉಪಾಯ. ತನ್ನ ಹಣವೆಂದಾಗ ಮಗು ಎರಡು ಆಟಿಕೆಗಳನ್ನು ಹಿಡಿದು, ತಿರುಗಿಸಿ ನೋಡಿ, ಬೆಲೆ ಕೇಳಿ ಆರಿಸುತ್ತದೆ. ಬಣ್ಣದ ಬೆಳಕು ಬೀರುವ ಕಡ್ಡಿಯನ್ನು ಊರಿನ ಫ್ಯಾನ್ಸಿ ಅಂಗಡಿಯಲ್ಲಿ ಮೊದಲೇ ಕೊಂಡು ಚೀಲದಲ್ಲಿಟ್ಟುಕೊಂಡು, ಸಭಾಂಗಣದ ದೀಪ ಆರಿದಾಗ ಕೈಗೆ ಕೊಟ್ಟರೆ ಹಟವೇ ಇರುವುದಿಲ್ಲ. ಆಟಿಕೆಯ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ; 2021ರ ಜನವರಿಯಿಂದ ಅದು ಕಡ್ಡಾಯವಾಗಿದೆ.

ಒಳಗೆ ತಿಂಡಿ ಒಯ್ಯಲು ಬಿಡುತ್ತಾರೆಯೇ ಎಂದು ಮುಂಚೆಯೇ ವಿಚಾರಿಸಿ. ಬಿಡುವುದಾದರೆ ಬಾಳೆಹಣ್ಣು, ಚಕ್ಕುಲಿ ಮತ್ತು ಫ್ಲಾಸ್ಕಿನಲ್ಲಿ ಬಿಸಿನೀರು ಸಾಕು. ಇಲ್ಲವಾದರೆ ಮೈಸೂರಿನ ದಾರಿಯಲ್ಲಿ ಕುಶಾಲನಗರದಲ್ಲೋ ಹುಣಸೂರಿನಲ್ಲೋ ಊಟ ಮುಗಿಸಿಕೊಂಡು ಹೋಗಿ. ಪೊಟ್ಟಣದ ತಿಂಡಿ, ನೀರಿನ ಬಾಟಲಿಗಳಿಗೆ ಮುದ್ರಿತ ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಬಿಲ್ ಪಡೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.