ಆಡು ಹತ್ತಿದ ಕಾರ್ಬನ್ ಬಾನೆಟ್

"ಇದು ತಗಡಲ್ಲಪಾ, ಲಪ್ಪ (ಪುಟ್ಟಿ) ಬಳಿದು ಬಣ್ಣ ಹೊಡಿಲಿಕ್ಕೆ. ನಮ್ಮ ಬಿಸಿಲಾಗ ಎಪಾಕ್ಸಿ ಅಂಟು ನಿಂದ್ರಂಗಿಲ್ಲ. ವಾಪಸ್ ಕೊಟ್ಟು ಬಿಡು." ಕಲಬುರಗಿ ರಿಂಗ್ ರೋಡಿನ ನಮ್ಮ ಗ್ಯಾರೇಜ್ ಸಾಲಿನಲ್ಲಿ ಹೀಗೆ ಹೇಳದವರೇ ಇರಲಿಲ್ಲ. ಕಾರ್ಬನ್ ನೂಲಿನ ನೇಯ್ಗೆಯನ್ನು ಅಂಟಿನಲ್ಲಿ ಗಟ್ಟಿ ಮಾಡಿದ, ನಾನು ರಿಪೇರಿ ಮಾಡಿದ ಆ ಬಾನೆಟ್ ಈಗ ಎರಡು ಬೇಸಿಗೆ ದಾಟಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ ಸೇಡಂ ಕಡೆಯ ಹುಡುಗನದು. ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದ. ಸೊಪ್ಪಿನ ಆಸೆಗೆ ಆಡೊಂದು ಬಾನೆಟ್ ಹತ್ತಿ, ಜಾರಿ ಇಳಿದಿದೆ. ಇಪ್ಪತ್ತರ ಹತ್ತಿರ ಗೀರು. ಹೈದರಾಬಾದಿನಲ್ಲಿ ಹೊಸದಕ್ಕೆ 60 ಸಾವಿರದ ಮೇಲೆ ಹೇಳಿದ್ದರಂತೆ. ನಾನು 9 ಸಾವಿರಕ್ಕೆ ಒಪ್ಪಿಕೊಂಡೆ.

ನೀರು ಬಳಿದು ನೋಡಿದೆ. ಮುಕ್ಕಾಲು ಪಾಲು ಗೀರು ಮಾಯ. ಅವು ಕ್ಲಿಯರ್ ಕೋಟ್, ಅಂದ್ರೆ ಮೇಲಿನ ಪಾರದರ್ಶಕ ಪದರದೊಳಗಿನವು. 2000, 3000 ನಂಬರಿನ ಉಜ್ಜುವ ಪೇಪರ್, ಪಾಲಿಶ್ ಕಾಂಪೌಂಡ್, ಮುಗೀತು. ಅಲ್ಲೂ ಒಂದು ಪೆಟ್ಟು ತಿಂದೆ. ತಗಡಿನ ಮೇಲೆ ಓಡಿಸಿದ ಹಾಗೇ ಬಫ್ (ಪಾಲಿಶ್ ಮಶೀನು) ಓಡಿಸಿದೆ. ತಗಡು ಬಿಸಿಯನ್ನು ಸುತ್ತ ಹರಡುತ್ತೆ, ಇದು ಒಂದೇ ಕಡೆ ಹಿಡಿದಿಡುತ್ತೆ. ಅಂಚಿನಲ್ಲಿ ಕ್ಲಿಯರ್ ಸುಟ್ಟೇ ಹೋಯಿತು. ಎಷ್ಟು ದಪ್ಪ ಉಳಿದಿದೆ ಅಂತ ನೋಡೋಣ ಅಂದ್ರೆ ನಮ್ಮ ಪೇಂಟ್ ಗೇಜ್ ಕಾರ್ಬನ್ ಮೇಲೆ ಸುಮ್ನೆ ಕೂರುತ್ತೆ.

ಉಗುರು ಸಿಕ್ಕಿಕೊಳ್ಳುವ ಐದಾರು ಆಳದ ಗೀರುಗಳೇ ನಿದ್ದೆ ಕೆಡಿಸಿದ್ದು. ಮೊದಲು ಸೂಪರ್ ಗ್ಲೂ ತುಂಬಿದೆ. ಸುತ್ತ ಬಿಳಿ ಮಂಜು ಕೂತಿತು. ಅದನ್ನು ಕೆರೆಯಲು ಹೋಗಿ ನೂಲಿಗೇ ಪೇಪರ್ ತಾಗಿಸಿದೆ. ಅಂಗೈಯಷ್ಟು ಜಾಗ ಬೂದು. ನೀರು ಹಾಕದೆ ಉಜ್ಜಿದ್ದರಿಂದ ಕರಿ ಧೂಳು ಹತ್ತಿ ಎರಡು ದಿನ ಮೊಣಕೈ ತುರಿಕೆ ಬೇರೆ.

ಆಮೇಲೆ ಎಪಾಕ್ಸಿ ತಂದೆ, ರೆಸಿನ್‌ಗೆ ಹಾರ್ಡನರ್ ಕಲಸಿದರೆ ಗಟ್ಟಿಯಾಗುವ ಅಂಟು. ಸುಮಾರು 1,800 ಹೋಯಿತು. ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಒಂದೇ ಲೋಟದಲ್ಲಿ 100 ಗ್ರಾಂ ಕಲಸಿದೆ. ಕಲಸಿದ ಮೇಲೆ ಅದು ತಾನೇ ಬಿಸಿ ಏರುತ್ತೆ. ಹತ್ತು ನಿಮಿಷಕ್ಕೆ ಹೊಗೆ! ಲೋಟವೇ ಸೊಟ್ಟಗಾಯಿತು. ಪಕ್ಕದ ಡೆಂಟರ್ ನಕ್ಕ ನಗು ಈಗಲೂ ಕಿವಿಯಲ್ಲಿದೆ.

ಮುಂದಿನ ಸಲ ಬೆಳಗಿನ ಐದಕ್ಕೆ ಎದ್ದೆ. ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದೆ. ಅಳತೆ ಕಣ್ಣಂದಾಜಲ್ಲ, ತಕ್ಕಡಿ. ಬರೀ 20 ಗ್ರಾಂ, ಅದನ್ನೂ ಅಗಲ ತಟ್ಟೆಯಲ್ಲಿ ಹರಡಿ. ಬೂದು ಮಚ್ಚೆಯ ಮೇಲೆ ರೆಸಿನ್ ಹರಿದ ಕೂಡಲೇ ನೇಯ್ಗೆ ಮತ್ತೆ ಕಪ್ಪಗೆ ಎದ್ದು ಬಂತು. ಓರೆ ಬೆಳಕಲ್ಲಿ ನೋಡಿದರೆ ಮಾತ್ರ ಸಣ್ಣ ಗುರುತು ಕಾಣುತ್ತೆ, ಸುಳ್ಳು ಯಾಕೆ. ರೆಸಿನ್ನೊಳಗಿನ ಗಾಳಿ ಗುಳ್ಳೆ ಹೇಗೆ ಬಿಡಿಸಿದೆ ಅಂತ ಎಲ್ಲರೂ ಕೇಳುತ್ತಾರೆ. ಅದೊಂದು ಕೇಳಬೇಡಿ, ಹೊಟ್ಟೆಪಾಡಿನ ಗುಟ್ಟು.

ಸಮ ಮಾಡಿ, ಕ್ಲಿಯರ್ ಹೊಡೆದು ಕೊಟ್ಟೆ. ಎಂಟು ದಿನಕ್ಕೆ ಹುಡುಗ ವಾಪಸ್! ಗೀರು ತುಂಬಿದ ಜಾಗವೆಲ್ಲ ತೆಳ್ಳಗೆ ತಗ್ಗಿದೆ, ನೇಯ್ಗೆಯ ಅಚ್ಚು ಮೇಲೆದ್ದಿದೆ. ನೆರಳಲ್ಲಿ ಗಟ್ಟಿಯಾದ ರೆಸಿನ್ ಬಿಸಿಲಿಗೆ ಬಿದ್ದಾಗ ಇನ್ನಷ್ಟು ಕುಗ್ಗುತ್ತೆ. ಹೇಗೂ ಕುಗ್ಗುವುದಾದರೆ ಮೊದಲೇ ಕುಗ್ಗಲಿ, ಅಲ್ವಾ?

ಮತ್ತೆಲ್ಲ ಉಜ್ಜಿ ತೆಗೆದೆ, ಮತ್ತೆ ತುಂಬಿದೆ. ಒಂದು ದಿನ ನೆರಳಲ್ಲಿ ಬಿಟ್ಟು ಬಾನೆಟ್ ಬಿಚ್ಚಿದೆ. ಮಾಳಿಗೆ ಮೇಲೆ ಹೊರಸು ಹಾಕಿ, ಎಲ್ಲೂ ಜೋತು ಬೀಳದ ಹಾಗೆ ಮಲಗಿಸಿ, ಮೂರು ದಿನ ಬಿಸಿಲಿಗೆ ಇಟ್ಟೆ. ಗಾಳಿ 42 ಡಿಗ್ರಿ ಇದ್ದರೆ ಕಪ್ಪು ಬಾನೆಟ್ 70ರ ಆಸುಪಾಸು ತೋರಿಸುತ್ತಿತ್ತು. ಬಾಡಿಗೆ ಇಲ್ಲದ ಓವನ್! ಕುಗ್ಗುವಷ್ಟು ಕುಗ್ಗಿದ ಮೇಲೆ ಇನ್ನೊಂದು ತೆಳು ಪದರ, ಮತ್ತೆ ಎರಡು ದಿನ ಬಿಸಿಲು. ಸೋಪು ನೀರಲ್ಲಿ ತೊಳೆದು, ನೀರು ಹಾಕುತ್ತಾ 400, 600ರಲ್ಲಿ ಉಜ್ಜಿ, ಬೆಳಗಿನ ಹೊತ್ತು 2ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವುದು) ಮೂರು ಕೋಟ್. ಅದರ ಹಾರ್ಡನರ್ ಜೊತೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಆಟ ಆಡಬೇಡಿ, ಸರಿಯಾದ ಮಾಸ್ಕ್ ಹಾಕಿ.

ಕ್ಲಿಯರ್ ಖರ್ಚು ಉಳಿಸಬಹುದಾ ಅಂತ ಪರೀಕ್ಷೆಗೆ ಎರಡು ತುಂಡುಗಳನ್ನು, ಒಂದಕ್ಕೆ ಬರೀ ಎಪಾಕ್ಸಿ, ಇನ್ನೊಂದಕ್ಕೆ ಮೇಲೆ ಕ್ಲಿಯರ್, ಶಹಾಬಾದ್ ಕಲ್ಲಿನ ಮೇಲೆ ಬೇಸಿಗೆ ಪೂರ್ತಿ ಬಿಟ್ಟಿದ್ದೆ. ಬರೀ ಎಪಾಕ್ಸಿಯದ್ದು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತು. ಬಿಸಿಲಿನ ಯುವಿ ಕಿರಣ ತಡೆಯುವ ಕ್ಲಿಯರ್ ಹೊಡೆದದ್ದು ಹಾಗೇ ಇತ್ತು.

ಲೆಕ್ಕ ಹಾಕಿದರೆ ಕೈಯಿಂದಲೇ ಸಾವಿರ, ಒಂದೂವರೆ ಸಾವಿರ ಹೋಗಿರಬೇಕು. ನಕ್ಕಿದ್ದ ಡೆಂಟರೇ ಹೋದ ತಿಂಗಳು ಒಂದು ಕಾರ್ಬನ್ ಸ್ಪಾಯ್ಲರ್ ಹಿಡಿದು ಬಂದ. ಅವನಿಗೆ ರೇಟು ಸ್ವಲ್ಪ ಜಾಸ್ತಿಯೇ ಹೇಳಿದೆ. ಹುಡುಗನ ಗಾಡಿ ಇವತ್ತಿಗೂ ಅದೇ ಬೇವಿನ ಗಿಡದ ಕೆಳಗೆ. ನೆರಳು ಬೇಕಲ್ಲ!