ಊರಂಚಿನ ಹೊಸ ಬಡಾವಣೆ: ನೆಲಕ್ಕೂ ನೋಟಕ್ಕೂ ಆಗುವ ಬದಲಾವಣೆಯನ್ನು ಅಂದಾಜಿಸುವ ಬಗೆ

ಮೈಸೂರು, ಮಂಡ್ಯ ಜಿಲ್ಲೆಗಳ ಹಲವು ಊರುಗಳ ಅಂಚಿನಲ್ಲಿ ಈಗ ಗದ್ದೆಗೆ ಮಣ್ಣು ತುಂಬಿಸಿ, ಗಡಿಕಲ್ಲು ನೆಟ್ಟು, ನಿವೇಶನಗಳನ್ನಾಗಿ ವಿಂಗಡಿಸುವ ಕೆಲಸ ನಡೆಯುತ್ತಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಅದರ ಆಸುಪಾಸಿನ ಜಮೀನುಗಳ ಮೇಲೆ ಈ ಒತ್ತಡ ಇನ್ನಷ್ಟು ಎದ್ದು ಕಾಣುತ್ತಿದೆ. ಊರಿಗೆ ಹೊಸ ಮನೆಗಳೇ ಬೇಡವೆಂದು ಯಾರೂ ಹೇಳಲಾರರು. ಅಣ್ಣತಮ್ಮಂದಿರು ಬೇರೆಯಾದಾಗ ಮನೆ ಬೇಕೇ ಬೇಕು. ಆದರೆ ಆ ಮನೆಗಳು ಯಾವ ಜಾಗದಲ್ಲಿ, ಎಷ್ಟು ಎತ್ತರದಲ್ಲಿ, ಏನನ್ನು ಮರೆಮಾಡಿ ಏಳುತ್ತವೆ ಎಂಬುದನ್ನು ಮೊದಲೇ ಕೇಳಬೇಕು. "ಊರಿನ ಅಂದ ಕೆಡುತ್ತದೆ" ಎಂದು ಗ್ರಾಮಸಭೆಯಲ್ಲಿ ಆಡಿದ ಮಾತು ನಡಾವಳಿಯಲ್ಲಿ ಒಂದು ಸಾಲಾಗಿ ಉಳಿದುಹೋಗುತ್ತದೆ. ಅದೇ ಮಾತನ್ನು ನಕ್ಷೆ, ಫೋಟೊ, ಅಳತೆಗಳ ಜೊತೆಗೆ ಮುಂದಿಟ್ಟರೆ ಅದನ್ನು ಬದಿಗೆ ಸರಿಸುವುದು ಅಷ್ಟು ಸುಲಭವಲ್ಲ.

ಬ್ರಿಟನ್ನಿನಲ್ಲಿ ಇಂಥ ಅಂದಾಜು ಒಂದು ವೃತ್ತಿಯಾಗಿಯೇ ಬೆಳೆದಿದೆ. ಅಲ್ಲಿನ ತಜ್ಞರು ಬಳಸುವ ಮಾರ್ಗಸೂಚಿಯ ಮೂರನೆಯ ಆವೃತ್ತಿ 2013ರಲ್ಲಿ ಬಂದಿತು. ನಮ್ಮಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆ ಕಟ್ಟಡ ಯೋಜನೆಗಳಿಗೆ ಅನ್ವಯವಾಗುವುದು ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ ಮೇಲೆ. ನಾಲ್ಕು ಎಕರೆಯ ಒಂದು ನಿವೇಶನ ಬಡಾವಣೆ ಸಾಮಾನ್ಯವಾಗಿ ಆ ಮಿತಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಊರಿನವರೇ ಮಾಡಿಕೊಳ್ಳಬೇಕಾಗುತ್ತದೆ, ಮತ್ತು ಮಾಡಿಕೊಳ್ಳಬಹುದು.

ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಡಿ

ಮೊದಲನೆಯದು ನೆಲದ ಸ್ವರೂಪಕ್ಕೆ ಸಂಬಂಧಿಸಿದ್ದು. ಗದ್ದೆ, ಬದು, ನಾಲೆ, ತೋಪು, ಬಂಡಿದಾರಿ ಇವೆಲ್ಲ ಸೇರಿ ಆದ ಊರಂಚು ಯಾರೂ ನೋಡದಿದ್ದರೂ ಬದಲಾಗುತ್ತದೆ. ಎರಡನೆಯದು ನೋಟಕ್ಕೆ ಸಂಬಂಧಿಸಿದ್ದು. ಇಂಥ ಜಾಗದಲ್ಲಿ ನಿಂತ ಇಂಥವರಿಗೆ ಈಗ ಏನು ಕಾಣುತ್ತದೆ, ಮುಂದೆ ಏನು ಕಾಣುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ತೋಪಿನ ಹಿಂದೆ ಮರೆಯಾಗಿರುವ ಬಡಾವಣೆಯೊಂದು ಯಾರ ನೋಟವನ್ನೂ ಕೆಡಿಸದೆ ನೀರಾವರಿ ಗದ್ದೆಯನ್ನು ಶಾಶ್ವತವಾಗಿ ಮುಚ್ಚಿಬಿಡಬಹುದು. ಖರಾಬು ಜಮೀನಿನಲ್ಲಿ ಕಟ್ಟಿದ ಒಂದೇ ಒಂದು ಎತ್ತರದ ಕಟ್ಟಡ ಇಡೀ ಬೆಟ್ಟದ ನೋಟಕ್ಕೆ ಅಡ್ಡ ನಿಲ್ಲಬಹುದು. ಎರಡನ್ನೂ ಕಲಸಿ ಬರೆದ ಮನವಿಯಲ್ಲಿ ಎರಡೂ ಬಲ ಕಳೆದುಕೊಳ್ಳುತ್ತವೆ.

ಈಗಿರುವುದನ್ನು ದಾಖಲಿಸುವುದು

ಗ್ರಾಮ ನಕ್ಷೆಯ ಪ್ರತಿಯೊಂದನ್ನು ತೆಗೆದುಕೊಂಡು, ಬಡಾವಣೆಯ ಸರ್ವೆ ನಂಬರುಗಳನ್ನು ಅದರ ಮೇಲೆ ಗುರುತಿಸಿ. ಮೊಬೈಲಿನ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಪಹಣಿಯಿಂದ ಜಮೀನಿನ ಬಗೆ, ಬೆಳೆ, ಖರಾಬಿನ ವಿವರ ಸಿಗುತ್ತದೆ. ಸುತ್ತಲಿನ ಯಾವ ಜಮೀನುಗಳಿಗೆ ಈಗಾಗಲೇ ಭೂಪರಿವರ್ತನೆಯಾಗಿದೆ ಎಂಬುದನ್ನೂ ಇದೇ ಹಂತದಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಒಂದು ಬಡಾವಣೆಯ ಪರಿಣಾಮ ಅದರ ಪಕ್ಕದಲ್ಲಿ ಬರಲಿರುವ ಇನ್ನೆರಡರ ಜೊತೆ ಸೇರಿದಾಗಲೇ ಪೂರ್ತಿಯಾಗಿ ತಿಳಿಯುವುದು.

ಆಮೇಲೆ ಊರಂಚನ್ನು ನಡೆದೇ ನೋಡಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಹಳ್ಳಿಗಳಲ್ಲಿ ಊರು ಒಂದೇ ಗೆರೆಯಲ್ಲಿ ಮುಗಿಯುವುದಿಲ್ಲ. ಮನೆಯ ಹಿಂದೆ ನುಗ್ಗೆ, ಬಾಳೆಯ ಹಿತ್ತಲು, ಅದರಾಚೆ ಹುಲ್ಲಿನ ಮೆದೆ, ತಿಪ್ಪೆ, ಹಳೆಯ ಕಣದ ಜಾಗ, ನಂತರ ಗುಂಡುತೋಪೋ ತೆಂಗಿನ ಸಾಲೋ, ಆಮೇಲೆ ಗದ್ದೆ ಬಯಲು. ಊರು ಹೀಗೆ ಮೆಲ್ಲಮೆಲ್ಲನೆ ಕರಗಿ ಹೊಲವಾಗುತ್ತದೆ. ಬಡಾವಣೆ ಬಂದಾಗ ಮೊದಲು ಇಲ್ಲವಾಗುವುದು ಈ ಕರಗುವ ಗುಣವೇ: ಕಾಂಪೌಂಡ್ ಗೋಡೆಯ ನೇರ ಗೆರೆಯೊಂದು ಒಂದು ಬದಿಗೆ ಕಾಂಕ್ರೀಟನ್ನೂ ಇನ್ನೊಂದು ಬದಿಗೆ ನಾಟಿಯನ್ನೂ ನಿಲ್ಲಿಸುತ್ತದೆ. ನನ್ನ ದೃಷ್ಟಿಯಲ್ಲಿ ಮನೆಗಳಿಗಿಂತ ಹೆಚ್ಚಾಗಿ ಈ ಗೋಡೆಯೇ ಹಳ್ಳಿಯ ಚಹರೆಯನ್ನು ಬದಲಿಸುತ್ತದೆ. ವರದಿಯಲ್ಲಿ ಅದರ ಉದ್ದ, ಎತ್ತರ, ಅದು ಕಡಿದುಹಾಕುವ ದಾರಿಗಳನ್ನು ಪ್ರತ್ಯೇಕವಾಗಿ ಬರೆಯಬೇಕು.

ನಡೆಯುವಾಗ ತೂಬು, ಕಾಲುವೆ, ಕೆರೆ ಏರಿ, ಕೋಡಿ ಹಳ್ಳ, ಅರಳಿಕಟ್ಟೆ, ವೀರಗಲ್ಲು, ಮಾಸ್ತಿಕಲ್ಲು, ಹಬ್ಬದಲ್ಲಿ ದೇವರು ಮೆರವಣಿಗೆ ಹೋಗುವ ದಾರಿ, ಆಲೆಮನೆ, ಸ್ಮಶಾನದ ದಾರಿ ಇವನ್ನು ನಕ್ಷೆಯಲ್ಲಿ ಗುರುತಿಸಿ. ಮರಗಳ ಜಾತಿಯನ್ನೂ ಸುತ್ತಳತೆಯನ್ನೂ ಬರೆದುಕೊಳ್ಳಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆಯಂಥ ಹಳೆಯ ಮರಗಳಲ್ಲಿ. 2007ರಲ್ಲಿ ಅದು ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಎಲ್ಲ ಊರಿಗೂ ಅಂಥ ಭಾಗ್ಯವಿಲ್ಲ, ಆದರೆ ಊರಂಚಿನ ಒಂದು ಹಳೆಯ ಮರಕ್ಕೆ ಹೊಸದಾಗಿ ನೆಟ್ಟ ಸಸಿ ಬದಲಿಯಾಗಲಾರದು ಎಂಬುದು ಎಲ್ಲೆಡೆಯೂ ನಿಜ.

ಜಮೀನಿಗೆ ಎಷ್ಟು ಮಣ್ಣು ತುಂಬಿಸುತ್ತಾರೆ ಎಂಬುದನ್ನು ಕೇಳಿ ತಿಳಿಯಿರಿ. ಗದ್ದೆ ತಗ್ಗಿನಲ್ಲಿರುವುದರಿಂದ ಅದನ್ನು ರಸ್ತೆಯ ಮಟ್ಟಕ್ಕೆ ಏರಿಸುವುದು ಸಾಮಾನ್ಯ. ಒಂದು ಮೀಟರ್ ಏರಿಸಿದರೆ ಪ್ರತಿಯೊಂದು ಮನೆಯೂ ಒಂದು ಮೀಟರ್ ಎತ್ತರವಾಗುತ್ತದೆ, ನೀರಿನ ಹರಿವು ಪಕ್ಕದವರ ಗದ್ದೆಗೆ ತಿರುಗುತ್ತದೆ, ಮತ್ತು ಆ ನೆಲ ಮತ್ತೆ ಗದ್ದೆಯಾಗುವುದು ಅಸಾಧ್ಯವೆಂದೇ ಹೇಳಬೇಕು. ಹಿಂದಕ್ಕೆ ಪಡೆಯಲಾಗದ ಬದಲಾವಣೆ ಯಾವುದು, ಸರಿಪಡಿಸಬಹುದಾದದ್ದು ಯಾವುದು ಎಂಬ ವಿಂಗಡಣೆ ವರದಿಯಲ್ಲಿ ಸ್ಪಷ್ಟವಾಗಿರಬೇಕು.

ಎಲ್ಲಿಂದ ನೋಡಬೇಕು, ಯಾರ ಕಣ್ಣಿನಿಂದ ನೋಡಬೇಕು

ಊರಿನ ಸುತ್ತಲಿನ ಸುಮಾರು ಒಂದು ಕಿಲೋಮೀಟರ್ ಮೊದಲ ವಲಯವಾಗಲಿ. ಅದರ ಜೊತೆಗೆ, ಆ ಜಾಗದಿಂದ ಕಾಣುವ ಬೆಟ್ಟಗಳೆಲ್ಲ ಎಷ್ಟೇ ದೂರವಿದ್ದರೂ ಪಟ್ಟಿಗೆ ಸೇರಬೇಕು, ಏಕೆಂದರೆ ಈ ಸೀಮೆಯ ಮೆಲ್ಲನೆಯ ಏರಿಳಿತದ ನೆಲದಲ್ಲಿ ಚಾಮುಂಡಿ ಬೆಟ್ಟ, ಕರಿಘಟ್ಟ, ಪಾಂಡವಪುರದ ಕುಂತಿ ಬೆಟ್ಟ, ಮೇಲುಕೋಟೆಯ ಯೋಗಾನರಸಿಂಹ ಸ್ವಾಮಿಯ ಬೆಟ್ಟ ಬಹುದೂರದಿಂದ ಕಾಣುತ್ತವೆ. ಕೆಳಗಿನಿಂದ ಬೆಟ್ಟದತ್ತ ನೋಡುವ ನೋಟವೂ, ಬೆಟ್ಟದ ಮೇಲಿನಿಂದ ಬಯಲನ್ನು ನೋಡುವ ನೋಟವೂ ಬೇರೆಬೇರೆ. ಮೇಲಿನಿಂದ ನೋಡುವವರಿಗೆ ಮನೆಯ ಎತ್ತರ ಅಷ್ಟಾಗಿ ಕಾಣದು. ಬಿಳಿ ತಾರಸಿ, ನೀಲಿ ತಗಡು, ಕಪ್ಪು ನೀರಿನ ಟ್ಯಾಂಕುಗಳು ಹಸಿರಿನ ನಡುವೆ ಎದ್ದು ಕಾಣುತ್ತವೆ.

ನೋಡುವವರಲ್ಲಿಯೂ ವ್ಯತ್ಯಾಸವಿದೆ. ಊರಂಚಿನಲ್ಲಿ ವಾಸಿಸುವವರು, ನೋಟಕ್ಕೆಂದೇ ಮೆಟ್ಟಿಲು ಹತ್ತಿ ಬರುವ ಭಕ್ತರು, ಏರಿಯ ಮೇಲೆ ಮುಂಜಾನೆ ನಡೆಯುವವರು ಬದಲಾವಣೆಯನ್ನು ಹೆಚ್ಚಾಗಿ ಅನುಭವಿಸುತ್ತಾರೆ. ಹೆದ್ದಾರಿಯಲ್ಲಿ ವೇಗವಾಗಿ ಸಾಗುವವರಿಗೆ ಅದರ ಅನುಭವ ಕಡಿಮೆ. ಬ್ರಿಟಿಷ್ ಪದ್ಧತಿಯಲ್ಲಿ ಕೆಲಸದಲ್ಲಿ ತೊಡಗಿದವರ ಗಮನ ನೋಟದ ಮೇಲೆ ಇರುವುದಿಲ್ಲವೆಂದು ಅವರನ್ನು ಕೆಳಗಿನ ಸ್ಥಾನದಲ್ಲಿಡುತ್ತಾರೆ. ನಮ್ಮ ಹಳ್ಳಿಗಳಿಗೆ ಇದನ್ನು ಹಾಗೆಯೇ ತರುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ದಿನವಿಡೀ ಗದ್ದೆಯಲ್ಲಿ ಕಳೆ ಕೀಳುವ ಹೆಣ್ಣುಮಗಳು ಮೋಡವನ್ನೂ ಹೊತ್ತನ್ನೂ ಅದೇ ದಿಗಂತದಲ್ಲಿ ನೋಡಿ ತಿಳಿಯುವವಳು. ಅವಳ ನೋಟಕ್ಕೆ ಪ್ರವಾಸಿಯ ನೋಟಕ್ಕಿಂತ ಕಡಿಮೆ ಬೆಲೆ ಕಟ್ಟಲು ಕಾರಣವಿಲ್ಲ. ಹಿರಿಯರನ್ನು, ಹೆಂಗಸರನ್ನು, ದನ ಮೇಯಿಸುವವರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡುವ ಜಾಗಗಳನ್ನು ಆರಿಸಿ. ಆರರಿಂದ ಹತ್ತು ಜಾಗಗಳಾದರೆ ಸಾಕು.

ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಂಥ ಕಡೆ ಇನ್ನೊಂದು ಎಚ್ಚರ ಬೇಕು. ಹದಿಮೂರನೆಯ ಶತಮಾನದಲ್ಲಿ ಕಟ್ಟಿದ ಅಲ್ಲಿನ ಕೇಶವ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಇರುತ್ತದೆ. ಆದರೆ ಈ ಅಳತೆಗಳು ದೂರವನ್ನು ಕಾಯುತ್ತವೆಯೇ ಹೊರತು, ದೇವಾಲಯದತ್ತ ಬರುವ ದಾರಿಯ ನೋಟವನ್ನು ಕಾಯುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಬರೆಯಬೇಕು.

ಕಬ್ಬು ಕಟಾವಾದ ಮೇಲೆ ನೋಡಿ

ಇಂಗ್ಲೆಂಡಿನಲ್ಲಿ ಎಲೆ ಉದುರಿದ ಚಳಿಗಾಲದಲ್ಲಿ ನೋಟವನ್ನು ದಾಖಲಿಸುವ ರೂಢಿಯಿದೆ, ಏಕೆಂದರೆ ಆಗಲೇ ಎಲ್ಲವೂ ಹೆಚ್ಚು ಬಯಲಾಗಿ ಕಾಣುವುದು. ಮಂಡ್ಯದಲ್ಲಿ ಆ ಕೆಲಸ ಮಾಡುವುದು ಕಬ್ಬು. ಬೆಳೆದು ನಿಂತ ಕಬ್ಬು ಆಳೆತ್ತರವನ್ನು ಮೀರಿ ಮೂರು ಮೀಟರಿನವರೆಗೂ ಏರುತ್ತದೆ. ಆಗ ದಾರಿಯಲ್ಲಿ ನಿಂತವರಿಗೆ ಇನ್ನೂರು ಮೀಟರ್ ದೂರದ ಮನೆಯೂ ಕಾಣದು. ಕಟಾವಾದ ಮರುದಿನ ಅದೇ ಜಾಗದಿಂದ ಇಡೀ ಬಯಲು ತೆರೆದುಕೊಳ್ಳುತ್ತದೆ. ಕಬ್ಬು ನಿಂತ ಕಾಲದಲ್ಲಿ ತೆಗೆದ ಫೋಟೊ ಇಟ್ಟುಕೊಂಡು "ಬಡಾವಣೆ ಎಲ್ಲಿಂದಲೂ ಕಾಣುವುದಿಲ್ಲ" ಎಂದು ಯಾರಾದರೂ ವಾದಿಸಿದರೆ, ಕಟಾವಿನ ನಂತರದ ಫೋಟೊ ಅದಕ್ಕೆ ತಕ್ಕ ಉತ್ತರ. ಆದ್ದರಿಂದ ಪ್ರತಿಯೊಂದು ಜಾಗದಿಂದಲೂ ಬೆಳೆ ಇದ್ದಾಗ ಒಮ್ಮೆ, ಬೆಳೆ ತೆಗೆದ ಮೇಲೆ ಒಮ್ಮೆ ಫೋಟೊ ತೆಗೆಯಿರಿ. ಬೆಟ್ಟದ ನೋಟಕ್ಕೆ ಮಳೆ ನಿಂತ ಮರುದಿನದ ತಿಳಿಯಾದ ಬೆಳಕು ಒಳ್ಳೆಯದು. ಕತ್ತಲಾದ ಮೇಲೆಯೂ ಒಮ್ಮೆ ಹೋಗಿ ನಿಲ್ಲಿ; ಈಗ ಕತ್ತಲೆಯಾಗಿರುವ ಬಯಲಿನಲ್ಲಿ ಬೀದಿದೀಪಗಳ ಸಾಲು ಬಂದರೆ ಅದು ಕೂಡ ಬದಲಾವಣೆಯೇ.

ಮೊಬೈಲಿನ ಸಾಮಾನ್ಯ ಕ್ಯಾಮೆರಾ ಅಗಲವಾದ ನೋಟವನ್ನು ಹಿಡಿಯುವುದರಿಂದ ದೂರದ ಬೆಟ್ಟ, ಮನೆಗಳು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ. ಈ ಕೆಲಸಕ್ಕೆ ವೃತ್ತಿಪರರು ಬಳಸುವುದು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿಲಿಮೀಟರ್ ಲೆನ್ಸ್. ಹಲವು ಮೊಬೈಲುಗಳಲ್ಲಿ ಎರಡು ಪಟ್ಟು ಜೂಮ್ ಹಾಕಿದರೆ ಅದಕ್ಕೆ ಹತ್ತಿರವಾಗುತ್ತದೆ. ಕ್ಯಾಮೆರಾ ಕಣ್ಣಿನ ಎತ್ತರದಲ್ಲಿರಲಿ. ದಿನಾಂಕ, ಹೊತ್ತು, ನಿಂತ ಜಾಗ, ಮುಖ ಮಾಡಿದ ದಿಕ್ಕು ಇಷ್ಟನ್ನೂ ಬರೆಯದ ಫೋಟೊ ದಾಖಲೆಯಾಗಲಾರದು.

ಇನ್ನೂ ಕಟ್ಟದ ಮನೆ ಎಷ್ಟು ಎತ್ತರಕ್ಕೆ ಬರುತ್ತದೆಂದು ತೋರಿಸಲು ಬಿದಿರಿನ ಗಳ ಸಾಕು. ನೆಲಮಹಡಿಯ ಮೇಲೆ ಒಂದಂತಸ್ತಿನ ಮನೆ ಸುಮಾರು ಏಳು ಮೀಟರ್. ಮೇಲಿನ ಮೆಟ್ಟಿಲ ಕೋಣೆ, ಟ್ಯಾಂಕು ಸೇರಿದರೆ ಒಂಬತ್ತರ ಹತ್ತಿರ. ಜಮೀನಿನ ಮಾಲೀಕರ ಒಪ್ಪಿಗೆ ಪಡೆದು, ಒಂಬತ್ತು ಮೀಟರಿನ ಗಳುಗಳ ತುದಿಗೆ ಕೆಂಪು ಬಟ್ಟೆ ಕಟ್ಟಿ ಜಮೀನಿನ ಮೂಲೆಗಳಲ್ಲಿ ನಿಲ್ಲಿಸಿ, ಆರಿಸಿಕೊಂಡ ಜಾಗಗಳಿಂದ ನೋಡಿ. ಒಪ್ಪಿಗೆ ಸಿಗದಿದ್ದರೆ ಪಕ್ಕದ ಬದುವಿನ ಮೇಲೆ ನಿಲ್ಲಿಸಿದರೂ ಅಂದಾಜು ಸಿಗುತ್ತದೆ. ಬಟ್ಟೆ ಹಿಂದಿನ ಮರಗಳ ತಲೆಗಿಂತ ಕೆಳಗಿದ್ದರೆ ಮನೆಗಳು ಹಸಿರಿನಲ್ಲಿ ಸೇರಿಹೋಗುತ್ತವೆ. ಬೆಟ್ಟದ ಅಂಚನ್ನೋ ಬಾನಿನ ಗೆರೆಯನ್ನೋ ದಾಟಿದ್ದರೆ ಅದು ದೊಡ್ಡ ಪರಿಣಾಮ. ದೂರದ ಲೆಕ್ಕವೂ ಸುಲಭ: ಐನೂರು ಮೀಟರ್ ಆಚೆಗಿನ ಒಂಬತ್ತು ಮೀಟರ್ ಎತ್ತರದ ಮನೆ, ಕೈ ನೀಡಿ ಹಿಡಿದ ಕಿರುಬೆರಳಿನ ದಪ್ಪದಷ್ಟು, ಅಂದರೆ ಸುಮಾರು ಒಂದು ಡಿಗ್ರಿ, ಎತ್ತರವಾಗಿ ಕಾಣುತ್ತದೆ. ದೂರದ ಬೆಟ್ಟ ಅದೇ ಬೆರಳಿನ ಎರಡರಷ್ಟು ಎತ್ತರವಾಗಿ ಕಾಣುತ್ತಿದ್ದರೆ ಅದರ ಕೆಳಗಿನ ಅರ್ಧ ಮುಚ್ಚಿಹೋಗುತ್ತದೆಂದು ಅಲ್ಲಿಯೇ ಗೊತ್ತಾಗುತ್ತದೆ.

ಪರಿಣಾಮದ ತೂಕ

ಪ್ರತಿಯೊಂದು ಜಾಗಕ್ಕೂ ಎರಡು ವಿಷಯ ಬರೆಯಿರಿ: ಅಲ್ಲಿನ ನೆಲ ಅಥವಾ ನೋಡುವವರು ಬದಲಾವಣೆಗೆ ಎಷ್ಟು ಸೂಕ್ಷ್ಮ, ಮತ್ತು ಬದಲಾವಣೆ ಎಷ್ಟು ದೊಡ್ಡದು, ಎಷ್ಟು ವ್ಯಾಪಕ, ಎಷ್ಟು ಕಾಲದ್ದು. ಅಂಕಿಗಳನ್ನು ಕೊಟ್ಟು ಕೂಡಿಸುವುದಕ್ಕಿಂತ ಕಾರಣ ಸಹಿತ ಎರಡು ವಾಕ್ಯಗಳು ಹೆಚ್ಚು ಗಟ್ಟಿ. ಒಳ್ಳೆಯ ಪರಿಣಾಮವಿದ್ದರೆ ಅದನ್ನೂ ಬರೆಯಬೇಕು. ಪಾಳುಬಿದ್ದ ಇಟ್ಟಿಗೆ ಗೂಡಿನ ಜಾಗದಲ್ಲಿ ಮನೆಗಳು ಬಂದರೆ ಊರಂಚು ಸುಧಾರಿಸಲೂಬಹುದು.

ಕಾಲದ ವಿಷಯದಲ್ಲಿ ನಮ್ಮ ಸ್ಥಿತಿ ಬೇರೆ. ಬ್ರಿಟನ್ನಿನಲ್ಲಿ ಕಟ್ಟಿ ಮುಗಿದ ಮೊದಲ ವರ್ಷ ಮತ್ತು ಗಿಡಗಳು ಬೆಳೆದ ಹದಿನೈದನೆಯ ವರ್ಷ ಎರಡನ್ನೂ ಅಂದಾಜಿಸುತ್ತಾರೆ. ಇಲ್ಲಿ ನಾಲ್ಕು ಎಕರೆಯ ಅರ್ಧ ಜಾಗ ರಸ್ತೆ, ಉದ್ಯಾನಕ್ಕೆ ಹೋದರೂ 30×40 ಅಡಿಯ ಎಪ್ಪತ್ತಕ್ಕೂ ಹೆಚ್ಚು ನಿವೇಶನಗಳಾಗುತ್ತವೆ. ಆದರೆ ಮೊದಲ ಕೆಲವು ವರ್ಷ ಅಲ್ಲಿ ಇರುವುದು ಹತ್ತಾರು ಮನೆ, ಉಳಿದದ್ದು ಪಾರ್ಥೇನಿಯಂ ಬೆಳೆದ ಖಾಲಿ ನಿವೇಶನ. ಆದ್ದರಿಂದ ಮಣ್ಣು ತುಂಬಿದ ವರ್ಷ, ಅರೆಬರೆ ಕಟ್ಟಿದ ಕಾಲ, ಎಲ್ಲ ನಿವೇಶನಗಳೂ ತುಂಬಿದ ಕಾಲ ಎಂದು ಮೂರು ಚಿತ್ರಗಳನ್ನು ಕೊಡಬೇಕು.

ಬದಲಿಗೆ ಏನು ಕೇಳಬೇಕು

ಮೊದಲು ತಪ್ಪಿಸುವುದು, ಆಗದಿದ್ದರೆ ತಗ್ಗಿಸುವುದು, ಮರೆಮಾಡುವುದು ಕೊನೆಗೆ. ಉದ್ಯಾನಕ್ಕೆ ಮೀಸಲಿಡುವ ಜಾಗವನ್ನು ಮೂಲೆಗೆ ತಳ್ಳದೆ ಗದ್ದೆಯ ಕಡೆಗಿನ ಅಂಚಿನಲ್ಲಿ ಉದ್ದಕ್ಕೆ ಇರಿಸಿದರೆ ಒಂದೇ ಬದಲಾವಣೆಯಿಂದ ಅರ್ಧ ಸಮಸ್ಯೆ ತೀರುತ್ತದೆ. ಒಳರಸ್ತೆಯೊಂದನ್ನು ಬೆಟ್ಟದ ದಿಕ್ಕಿಗೆ ನೇರವಾಗಿ ಇಟ್ಟರೆ ನೋಟಕ್ಕೆ ಕಿಂಡಿ ಉಳಿಯುತ್ತದೆ. ಅಂಚಿನ ಸಾಲಿನ ಮನೆಗಳು ಒಂದೇ ಅಂತಸ್ತಿನವಾಗಿರಲಿ, ಗೋಡೆಯ ಬದಲು ಜೀವಂತ ಬೇಲಿ ಇರಲಿ, ಬಂಡಿದಾರಿಯೂ ಕಾಲುವೆಯೂ ಇದ್ದಲ್ಲಿಯೇ ಉಳಿಯಲಿ. ಮರೆಗೆ ತೆಂಗು ಸಾಲದು. ಅದರ ಬುಡ ಬರಿದು, ಮನೆಗಳು ಕಾಂಡಗಳ ನಡುವೆ ಕಂಡೇ ಕಾಣುತ್ತವೆ. ಹೊಂಗೆ, ಬೇವು, ಹುಣಸೆ, ನೇರಳೆ ಕಲಸಿ ನೆಟ್ಟರೆ ಕೆಳಗೂ ಮೇಲೂ ಹಸಿರು ತುಂಬುತ್ತದೆ.

ವರದಿಯನ್ನು ಸರಿಯಾದ ಹೊತ್ತಿಗೆ ಕೊಡುವುದೂ ಮುಖ್ಯ. ಮಹಾ ಯೋಜನೆಯ (ಮಾಸ್ಟರ್ ಪ್ಲಾನ್) ವ್ಯಾಪ್ತಿಯಲ್ಲಿ ಭೂ ಉಪಯೋಗ ಬದಲಾಯಿಸುವಾಗ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಮಿನಂತೆ ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ, ಆಕ್ಷೇಪಣೆಗೆ ಕನಿಷ್ಠ 15 ದಿನಗಳ ಅವಕಾಶ ಕೊಡಬೇಕು. ಹದಿನೈದು ದಿನಗಳಲ್ಲಿ ಕಬ್ಬಿನ ಎರಡು ಕಾಲಗಳನ್ನು ನೋಡಲಾಗದು. ಆದ್ದರಿಂದ ಊರಂಚಿನ ಫೋಟೊ, ನಕ್ಷೆಗಳನ್ನು ಬಡಾವಣೆಯ ಸುದ್ದಿ ಬರುವ ಮುನ್ನವೇ ಸಿದ್ಧಪಡಿಸಿ ಗ್ರಾಮಸಭೆಯಲ್ಲಿ ದಾಖಲಿಸಿಡುವುದು ಒಳ್ಳೆಯದು. ಬಡಾವಣೆಯ ನಕ್ಷೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಆಕ್ಷೇಪಣೆಯಲ್ಲಿ ಸರ್ವೆ ನಂಬರು, ನೋಡಿದ ಜಾಗಗಳ ನಕ್ಷೆ, ಜೋಡಿ ಫೋಟೊಗಳು, ಕೇಳುವ ಬದಲಾವಣೆಗಳು ಇರಲಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ. ಅನುಮೋದನೆಯಲ್ಲಿ ಷರತ್ತುಗಳು ಸೇರಿದ್ದರೆ ಅವುಗಳ ಪ್ರತಿ ಪಂಚಾಯಿತಿಯಲ್ಲಿ ಇರಬೇಕು, ಮತ್ತು ಕಟ್ಟುವ ಕೆಲಸ ಶುರುವಾದ ಮೇಲೆ ಅದೇ ಜಾಗಗಳಿಂದ, ಅದೇ ದಿಕ್ಕಿಗೆ, ಪ್ರತಿ ವರ್ಷ ಕಟಾವಿನ ನಂತರ ಫೋಟೊ ತೆಗೆದು ಷರತ್ತುಗಳೊಡನೆ ಹೋಲಿಸಿ ನೋಡಬೇಕು.